ಹೆಸರು ಇಟ್ಟವನಿಗಲ್ಲ, ಓದುವವನಿಗೆ: ಕಾರ್ಲ್ ಲಿನೇಯಸ್ ಮತ್ತು ನಮ್ಮ ಪೈಥಾನ್ ಕ್ಲಾಸುಗಳು

ಕಾರ್ಲ್ ಲಿನೇಯಸ್‌ನ ಅಪ್ಪ ಹುಟ್ಟಿದಾಗ ಆ ಮನೆತನಕ್ಕೆ ಸರ್‌ನೇಮ್ ಅಂತ ಒಂದು ಇರಲೇ ಇಲ್ಲ. ಆಗಿನ ಸ್ವೀಡನ್ನಿನ ಹಳ್ಳಿಗಳಲ್ಲಿ ಅಪ್ಪನ ಹೆಸರಿನ ಕೊನೆಗೆ ಮಗ ಅನ್ನೋ ಅರ್ಥದ ಪದ ಸೇರಿಸಿದರೆ ಮುಗೀತು. ಇಂಗೆಮಾರ್‌ನ ಮಗ ನಿಲ್ಸ್, ಅಂದ್ರೆ ನಿಲ್ಸ್ ಇಂಗೆಮಾರ್‌ಸನ್. ನಮ್ಮಲ್ಲಿ ಅಪ್ಪನ ಹೆಸರೇ ಇನಿಷಿಯಲ್ ಆಗುತ್ತಲ್ಲ, ಹೆಚ್ಚುಕಡಿಮೆ ಹಾಗೇ. ಈ ನಿಲ್ಸ್ ಯೂನಿವರ್ಸಿಟಿಗೆ ಸೇರುವಾಗ ಒಂದು ಕುಲನಾಮ ಬೇಕಾಯ್ತು. ಅವರ ಜಮೀನಿನಲ್ಲಿ ಒಂದು ದೊಡ್ಡ ಲಿಂಡೆನ್ ಮರ ಇತ್ತು. ಆ ಮರದ ಹೆಸರಿಗೆ ಲ್ಯಾಟಿನ್ ಅಂಗಿ ತೊಡಿಸಿ ಲಿನೇಯಸ್ ಅಂತ ಬರೆಸಿದ. ಹೀಗೆ ಮರದಿಂದ ಹೆಸರು ಪಡೆದ ಮನೆಯ ಹುಡುಗನೇ ಮುಂದೆ ಸಾವಿರಾರು ಮರಗಿಡಗಳಿಗೆ ಹೆಸರಿಟ್ಟ.

ಪಿಯುಸಿಯಲ್ಲಿ ಬಯಾಲಜಿ ತಗೊಂಡಿದ್ದವರಿಗೆ ಈತ ಹಳೇ ಪರಿಚಯ. ಎರಡು ಮಾರ್ಕಿನ ಪ್ರಶ್ನೆಗೆ ಬರೆದು ಮರೆತ ಹೆಸರು. ಕಂಪ್ಯೂಟರ್ ಸೈನ್ಸ್ ತಗೊಂಡಿದ್ದವರು ಆತನಿಂದ ತಪ್ಪಿಸಿಕೊಂಡ್ವಿ ಅಂದುಕೊಂಡಿರಬಹುದು. ಆದರೆ ಪೈಥಾನ್‌ನಲ್ಲಿ ಮೊದಲ ಕ್ಲಾಸ್ ಬರೆಯೋಕೆ ಕೂತ ದಿನ ಆತನ ತಲೆನೋವೇ ನಮ್ಮ ತಲೆಗೂ ಬರುತ್ತೆ: ಇದಕ್ಕೆ ಏನಂತ ಹೆಸರಿಡೋದು? ಎಷ್ಟು ಉದ್ದ ಇಡೋದು? ಯಾವುದರ ಕೆಳಗೆ ಯಾವುದನ್ನು ತರೋದು? ನಾಳೆ ಬೇರೆಯವರು ಓದಿದರೆ ಅವರಿಗೆ ಗೊತ್ತಾಗುತ್ತಾ? ಈ ಪ್ರಶ್ನೆಗಳ ಜೊತೆ ಇಡೀ ಆಯಸ್ಸು ಕಳೆದ ಮನುಷ್ಯನ ಕತೆ ಇದು. ಆತ ಸರಿಯಾಗಿ ಮಾಡಿದ್ದೂ ಇದೆ, ಕೆಟ್ಟದಾಗಿ ಮಾಡಿದ್ದೂ ಇದೆ. ಎರಡರಿಂದಲೂ ಕಲಿಯೋದಿದೆ.

ಮರೆತರೆ ಮತ್ತೆ ಹೇಳಲ್ಲ

ಕಾರ್ಲ್ ಹುಟ್ಟಿದ್ದು 1707ರ ಮೇ 23ರಂದು, ದಕ್ಷಿಣ ಸ್ವೀಡನ್ನಿನ ಸ್ಮೋಲಂಡ್ ಪ್ರಾಂತದ ರೋಸ್‌ಹುಲ್ಟ್ ಎಂಬಲ್ಲಿ. ಅಪ್ಪ ಚರ್ಚಿನ ಪಾದ್ರಿ, ಜೊತೆಗೆ ತೋಟದ ಹುಚ್ಚು. ಹುಡುಗ ಹೂವುಗಳ ಮಧ್ಯೆಯೇ ಬೆಳೆದ. ಕಂಡ ಕಂಡ ಗಿಡದ ಹೆಸರು ಕೇಳೋದು, ಮರುದಿನ ಮರೆತು ಮತ್ತೆ ಅದನ್ನೇ ಕೇಳೋದು. ಕೊನೆಗೆ ಅಪ್ಪ ಬೇಸತ್ತು, ಹೇಳಿದ್ದನ್ನು ನೆನಪಿಟ್ಟುಕೊಂಡರೆ ಮಾತ್ರ ಇನ್ನೊಂದು ಹೇಳ್ತೀನಿ ಅಂತ ಷರತ್ತು ಹಾಕಿದ. ಅವತ್ತಿನಿಂದ ಹೆಸರುಗಳನ್ನು ಮರೆಯದೇ ಇರೋದೇ ಹುಡುಗನ ಹಟ ಆಯ್ತು.

ವೆಕ್ಷೋ ಊರಿನ ಶಾಲೆಯಲ್ಲಿ ಮಾತ್ರ ಆತ ಅಷ್ಟಕ್ಕಷ್ಟೇ. ಮಗ ಪಾದ್ರಿ ಆಗಲಿ ಅನ್ನೋದು ಮನೆಯವರ ಆಸೆ. ಅದಕ್ಕೆ ಈತ ಲಾಯಕ್ಕಿಲ್ಲ, ಯಾವುದಾದರೂ ಕೈಕಸುಬಿಗೆ ಹಾಕಿ ಅಂತ ಮೇಷ್ಟ್ರುಗಳು ಅಪ್ಪನಿಗೆ ಹೇಳಿದರು. ಆಗ ಕೈ ಹಿಡಿದದ್ದು ಅಲ್ಲಿನ ವೈದ್ಯ ಯೋಹಾನ್ ರೋಥ್‌ಮನ್. ಪಾದ್ರಿಗಿರಿ ಬೇಡ, ಡಾಕ್ಟರ್ ಆಗಲಿ ಅಂತ ಅಪ್ಪನನ್ನು ಒಪ್ಪಿಸಿ, ಹುಡುಗನಿಗೆ ತಾನೇ ಪಾಠ ಹೇಳಿದ. ಆ ಕಾಲದಲ್ಲಿ ಔಷಧ ಅಂದ್ರೆ ಗಿಡಮೂಲಿಕೆ. ವೈದ್ಯ ಆಗಬೇಕಾದರೆ ಗಿಡ ಗೊತ್ತಿರಲೇಬೇಕು.

1727ರಲ್ಲಿ ಲುಂಡ್, ಮರುವರ್ಷ ಉಪ್ಸಾಲಾ ಯೂನಿವರ್ಸಿಟಿ. ಕೈಯಲ್ಲಿ ದುಡ್ಡಿಲ್ಲ. ಉಪ್ಸಾಲಾದಲ್ಲಿ ಓಲೋಫ್ ಸೆಲ್ಸಿಯಸ್ ಎಂಬ ಹಿರಿಯ ವಿದ್ವಾಂಸ ಆತನ ಗಿಡದ ಜ್ಞಾನ ನೋಡಿ ಮನೆಯಲ್ಲೇ ಇರಿಸಿಕೊಂಡ. ಉಷ್ಣತೆಯ ಅಳತೆಗೆ ಹೆಸರಾದ ಆಂಡರ್ಸ್ ಸೆಲ್ಸಿಯಸ್ ಈತನ ತಮ್ಮನ ಮಗನೋ ಅಣ್ಣನ ಮಗನೋ, ಅಂತೂ ಒಂದೇ ಮನೆತನ. 1730ರ ಹೊತ್ತಿಗೆ, ಇನ್ನೂ ಸ್ಟೂಡೆಂಟ್ ಆಗಿರುವಾಗಲೇ, ಲಿನೇಯಸ್ ಸಸ್ಯೋದ್ಯಾನದಲ್ಲಿ ನಿಂತು ಪಾಠ ಮಾಡ್ತಿದ್ದ. 1732ರಲ್ಲಿ ಉತ್ತರದ ಲ್ಯಾಪ್‌ಲ್ಯಾಂಡಿಗೆ ಒಬ್ಬನೇ ಸುಮಾರು ಐದು ತಿಂಗಳು ಹೋಗಿ ಬಂದ.

ಉಪ್ಸಾಲಾದಲ್ಲೇ ಆತನಿಗೆ ಸಿಕ್ಕ ಗೆಳೆಯ ಪೀಟರ್ ಆರ್ಟೆಡಿ. ಇಬ್ಬರಿಗೂ ಒಂದೇ ಹುಚ್ಚು: ದೇವರ ಸೃಷ್ಟಿಯನ್ನೆಲ್ಲ ಕ್ರಮವಾಗಿ ಜೋಡಿಸಬೇಕು. ಕೆಲಸ ಹಂಚಿಕೊಂಡರು. ಗಿಡ, ಹಕ್ಕಿ, ಹುಳ ಲಿನೇಯಸ್‌ಗೆ. ಮೀನು ಮುಖ್ಯವಾಗಿ ಆರ್ಟೆಡಿಗೆ. ಇಬ್ಬರಲ್ಲಿ ಯಾರು ಮೊದಲು ಸತ್ತರೂ ಉಳಿದವನು ಇನ್ನೊಬ್ಬನ ಕೆಲಸ ಪ್ರಕಟಿಸಬೇಕು ಅಂತ ಮಾತಾಯ್ತು. ಹುಡುಗಾಟದ ಮಾತು ನಿಜ ಆಯ್ತು. 1735ರಲ್ಲಿ ಆಮ್‌ಸ್ಟರ್‌ಡ್ಯಾಮಿನ ಕಾಲುವೆಗೆ ಬಿದ್ದು ಆರ್ಟೆಡಿ ತೀರಿಕೊಂಡ. ಲಿನೇಯಸ್ ಹಸ್ತಪ್ರತಿಗಳನ್ನು ಬಿಡಿಸಿಕೊಂಡು, ಸರಿಪಡಿಸಿ, 1738ರಲ್ಲಿ ಗೆಳೆಯನ ಹೆಸರಲ್ಲೇ ಪುಸ್ತಕ ತಂದ. ಮೀನುಗಳ ಅಧ್ಯಯನದಲ್ಲಿ ಇವತ್ತಿಗೂ ಆರ್ಟೆಡಿಯ ಹೆಸರು ಮೊದಲು ಬರುತ್ತೆ. ಆತ ತನಗೆ ಮಾತ್ರ ಗೊತ್ತಾಗೋ ಹಾಗೆ ಗೀಚಿಟ್ಟಿದ್ದರೆ ಆ ಕೆಲಸವೂ ಆತನ ಜೊತೆಗೇ ಮುಳುಗುತ್ತಿತ್ತು. ಬರೆದವನು ಪಕ್ಕದಲ್ಲಿ ಇಲ್ಲದಾಗಲೂ ಓದೋಕೆ ಬರಬೇಕು. ರೀಡಬಿಲಿಟಿ ಅಂತ ನಾವು ಕರೆಯೋದು ಇದನ್ನೇ.

ಹೆಸರೇ ಒಂದು ಪ್ಯಾರಾಗ್ರಾಫ್

ಆಗಿನ ಸಮಸ್ಯೆ ಏನು ಅಂತ ನೋಡಿ. ಪ್ರತಿ ಗಿಡಕ್ಕೂ ವಿದ್ವಾಂಸರು ಕೊಡುತ್ತಿದ್ದ ಲ್ಯಾಟಿನ್ ಹೆಸರು ಒಂದು ಪೂರ್ತಿ ವರ್ಣನೆ. ಕಾಗದದ ಚೀಲದಂಥ ಸಿಪ್ಪೆಯೊಳಗೆ ಪುಟ್ಟ ಹಣ್ಣು ಬಿಡುವ ಗಿಡ ನಮ್ಮ ಹೊಲದ ಬದುಗಳಲ್ಲೂ ಕಾಣುತ್ತಲ್ಲ, ಆ ಬಳಗದ ಒಂದು ಗಿಡವನ್ನು ತಗೊಳ್ಳಿ. ಅದರ ಹೆಸರಿನಲ್ಲಿ ಒಂದೇ ವರ್ಷ ಬಾಳುತ್ತೆ, ತುಂಬಾ ಕವಲೊಡೆಯುತ್ತೆ, ಕೊಂಬೆಗೆ ಮೂಲೆಗಳಿವೆ, ಕೂದಲಿಲ್ಲದೆ ನುಣುಪಾಗಿದೆ, ಎಲೆಯ ಅಂಚಿಗೆ ಹಲ್ಲಿದೆ ಅನ್ನೋದೆಲ್ಲ ಸೇರಿತ್ತು. ಇಷ್ಟೂ ಸೇರಿ ಒಂದು ಹೆಸರು! ಇಂಥದೇ ಇನ್ನೊಂದು ಹೊಸ ಗಿಡ ಸಿಕ್ಕರೆ, ವ್ಯತ್ಯಾಸ ತೋರಿಸೋಕೆ ಹಳೇ ಗಿಡದ ಹೆಸರಿಗೂ ಒಂದೆರಡು ಪದ ಸೇರಿಸಬೇಕು. ಹೆಸರು ಪ್ರತಿ ಪುಸ್ತಕದಲ್ಲೂ ಬೇರೆ. ಯಾರು ಯಾವ ಗಿಡದ ಬಗ್ಗೆ ಮಾತಾಡ್ತಿದ್ದಾರೆ ಅಂತ ಪತ್ತೆ ಹಚ್ಚೋದೇ ಒಂದು ಸಂಶೋಧನೆ.

ನಮ್ಮ ಕೋಡ್‌ನಲ್ಲೂ ಈ ಕಾಯಿಲೆ ಇದೆ. ವೇರಿಯಬಲ್‌ಗೆ ಎಕ್ಸ್, ಟೆಂಪ್, ಡೇಟಾ2 ಅಂತ ಇಡೋದು ಒಂದು ತುದಿ. ಅದಕ್ಕೆ ಬೈಸಿಕೊಂಡವರು ಇನ್ನೊಂದು ತುದಿಗೆ ಹಾರ್ತಾರೆ: ಗೆಟ್_ಆಲ್_ಸ್ಟೂಡೆಂಟ್ಸ್_ಹೂ_ಹ್ಯಾವ್_ನಾಟ್_ಪೇಯ್ಡ್_ಫೀಸ್_ಫಾರ್_ಕರೆಂಟ್_ಸೆಮಿಸ್ಟರ್. ಮೊದಲನೆಯದು ಏನೂ ಹೇಳಲ್ಲ, ಎರಡನೆಯದು ಎಲ್ಲವನ್ನೂ ಹೇಳೋಕೆ ಹೋಗಿ ಓದೋಕೆ ಬಿಡಲ್ಲ. ನಾಳೆ ಫೀಸ್ ನಿಯಮ ಬದಲಾದರೆ ಹೆಸರು ಸುಳ್ಳಾಗುತ್ತೆ. ಮೆಥಡ್ ಒಂದು ಫೀ_ಲೆಡ್ಜರ್ ಆಬ್ಜೆಕ್ಟಿನ ಒಳಗಿದ್ದರೆ ಅನ್‌ಪೇಯ್ಡ್_ಸ್ಟೂಡೆಂಟ್ಸ್ ಅಂದರೆ ಸಾಕು. ಉಳಿದದ್ದನ್ನು ಕ್ಲಾಸಿನ ಹೆಸರೇ ಹೇಳಿಯಾಗಿದೆ.

1735ರಲ್ಲಿ ಲಿನೇಯಸ್ ಹಾಲೆಂಡಿಗೆ ಹೋದ. ಹಾರ್ಡರ್‌ವೈಕ್‌ನಲ್ಲಿ ಕೆಲವೇ ದಿನಗಳಲ್ಲಿ ವೈದ್ಯ ಪದವಿ ಪಡೆದ. ಅದೇ ವರ್ಷ ಲೈಡನ್ನಿನಲ್ಲಿ ಸಿಸ್ಟಮಾ ನ್ಯಾಚುರೇ ಅಚ್ಚಾಯ್ತು. ದೊಡ್ಡ ಅಳತೆಯ ಕೆಲವೇ ಹಾಳೆಗಳು, ಆದರೆ ಅದರಲ್ಲಿ ಇಡೀ ಪ್ರಕೃತಿಯ ನಕ್ಷೆ: ರಾಜ್ಯ, ವರ್ಗ, ಗಣ, ಕುಲ, ಜಾತಿ ಅಂತ ಒಂದರೊಳಗೊಂದು. ಸಸ್ಯಗಳನ್ನು ಹೂವಿನ ಕೇಸರಗಳ ಎಣಿಕೆ, ಜೋಡಣೆಯ ಮೇಲೆ 24 ವರ್ಗ ಮಾಡಿದ್ದ. ಒಂದು ಕೇಸರ ಇದ್ದರೆ ಒಂದನೇ ವರ್ಗ, ಎರಡಿದ್ದರೆ ಎರಡನೇದು. ಎಣಿಸೋಕೆ ಬರುವ ಯಾರು ಬೇಕಾದರೂ ಗಿಡವನ್ನು ಅದರ ಜಾಗಕ್ಕೆ ತಲುಪಿಸಬಹುದು. ವಿದ್ವಾಂಸರ ಮಧ್ಯೆ ಸಿಕ್ಕಿಕೊಂಡಿದ್ದ ಸಸ್ಯಶಾಸ್ತ್ರ ಸಾಮಾನ್ಯರ ಕೈಗೂ ಬಂತು.

ಜಾರ್ಜ್ ಕ್ಲಿಫರ್ಡ್ ಎಂಬ ಶ್ರೀಮಂತ ಬ್ಯಾಂಕರ್‌ನ ತೋಟದ ಉಸ್ತುವಾರಿ ನೋಡಿಕೊಳ್ಳುತ್ತಾ, 1737ರಲ್ಲಿ ಆತ ಹೆಸರಿಡುವ ನಿಯಮಗಳಿಗೇ ಒಂದು ಪುಸ್ತಕ ಬರೆದ, ಕ್ರಿಟಿಕಾ ಬೊಟಾನಿಕಾ ಅಂತ. ಪೈಥಾನ್‌ನ ಪೆಪ್ 8 ಓದಿದವರಿಗೆ ಅದರ ಧಾಟಿ ಹೊಸದು ಅನ್ನಿಸಲ್ಲ. ಒಂದು ಕುಲಕ್ಕೆ ಒಂದೇ ಹೆಸರು. ಎರಡು ಬೇರೆ ಕುಲಗಳಿಗೆ ಒಂದೇ ಹೆಸರು ಕೂಡದು. ಮೊಳದುದ್ದದ, ನಾಲಿಗೆ ತೊಡರುವ ಹೆಸರು ಬೇಡ. ಹನ್ನೆರಡು ಅಕ್ಷರ ದಾಟದಿದ್ದರೆ ಒಳ್ಳೇದು. ಇನ್ನೊಂದರ ಹಾಗೆ ಇದೆ ಅಂತ ಮಾತ್ರ ಹೇಳುವ ಹೆಸರುಗಳನ್ನು, ಅಂದ್ರೆ ಕೊನೆಯಲ್ಲಿ ಆಯ್ಡಿಸ್ ಅಂತ ಬಾಲ ಹಚ್ಚಿದವನ್ನು, ಹೊರಗೆ ಹಾಕಬೇಕು. ಈ ಕೊನೇ ನಿಯಮ ಸ್ಟೂಡೆಂಟ್_ನ್ಯೂ, ಸ್ಟೂಡೆಂಟ್_ಫೈನಲ್, ಸ್ಟೂಡೆಂಟ್_ಫೈನಲ್2 ಅಂತ ಬರೆಯೋ ನಮಗೇ ಹೇಳಿಸಿದ ಹಾಗಿದೆ. ಹಳೆಯದರ ಹಾಗೆ ಇದೆ ಅನ್ನೋದು ಹೆಸರಲ್ಲ. ಅದು ತಾನಾಗಿ ಏನು ಅಂತ ಹೇಳಬೇಕು.

ಅಂಚಿನಲ್ಲಿ ಬರೆದ ಒಂದು ಪದ

1738ರಲ್ಲಿ ಸ್ವೀಡನ್ನಿಗೆ ವಾಪಸ್. ಸ್ಟಾಕ್‌ಹೋಮಿನಲ್ಲಿ ಡಾಕ್ಟರಿಕೆ, 1739ರಲ್ಲಿ ಸಾರಾ ಎಲಿಸಬೆತ್ ಮೊರೇಯಾ ಜೊತೆ ಮದುವೆ, ಅದೇ ವರ್ಷ ಶುರುವಾದ ಸ್ವೀಡನ್ನಿನ ವಿಜ್ಞಾನ ಅಕಾಡೆಮಿಯ ಮೊದಲ ಅಧ್ಯಕ್ಷತೆ. 1741ರಲ್ಲಿ ಉಪ್ಸಾಲಾದಲ್ಲಿ ಪ್ರೊಫೆಸರ್. ಇಲ್ಲಿಂದ ಆತನ ಜೀವನದ ಒಳ್ಳೇ ದಿನಗಳು. ಬೇಸಿಗೆಯಲ್ಲಿ ಹುಡುಗರನ್ನು ಕಟ್ಟಿಕೊಂಡು ಊರಾಚೆ ಗಿಡ ನೋಡೋಕೆ ಹೋಗೋದು, ಸಂಜೆ ತಮ್ಮಟೆ ಕಹಳೆ ಊದಿಸುತ್ತಾ ಮೆರವಣಿಗೆಯಲ್ಲಿ ವಾಪಸ್ ಬರೋದು. ಫೀಲ್ಡ್ ಟ್ರಿಪ್ಪಿಗೆ ಹಾಜರಾತಿ ಕಡಿಮೆ ಆಗುವ ಪ್ರಶ್ನೆಯೇ ಇರಲಿಲ್ಲ.

ಆತನ ಅತಿ ದೊಡ್ಡ ಕೊಡುಗೆ ಹುಟ್ಟಿದ್ದು ದನ ಮೇಯಿಸುವ ಕೆಲಸದಲ್ಲಿ ಅಂದ್ರೆ ನಂಬಬೇಕು. ಸ್ವೀಡನ್ನಿನ ದನ, ಕುರಿ, ಮೇಕೆ, ಕುದುರೆ, ಹಂದಿ ಯಾವ ಯಾವ ಗಿಡ ತಿನ್ನುತ್ತವೆ, ಯಾವುದನ್ನು ಮುಟ್ಟಲ್ಲ ಅಂತ ಒಂದು ಪಟ್ಟಿ ಮಾಡಬೇಕಿತ್ತು. ಪಟ್ಟಿ ತುಂಬಿಸುವವರು ಸ್ಟೂಡೆಂಟ್‌ಗಳು. ಹಸು ಒಂದು ಬಾಯಿ ಹಾಕೋ ಹೊತ್ತಿಗೆ ಒಂದೂವರೆ ಸಾಲಿನ ಲ್ಯಾಟಿನ್ ಬರೆದು ಮುಗಿಸೋಕಾಗುತ್ತಾ? ಅದಕ್ಕೆ ಕುಲದ ಹೆಸರು, ಅದರ ಮುಂದೆ ಗುರುತಿಗೆ ಒಂದೇ ಒಂದು ಪದ, ಅಷ್ಟೇ ಬಳಸಿದರು. 1749ರಲ್ಲಿ ಬಂದ ಆ ಪ್ರಬಂಧದಲ್ಲಿ ಈ ಜೋಡಿ ಹೆಸರುಗಳು ಉದ್ದಕ್ಕೂ ಇದ್ದವು.

ಇದರ ಅನುಕೂಲ ಕಂಡ ಲಿನೇಯಸ್ 1753ರಲ್ಲಿ ಬಂದ ಎರಡು ಸಂಪುಟಗಳ ಸ್ಪೀಷೀಸ್ ಪ್ಲಾಂಟೇರಮ್ ಪುಸ್ತಕದಲ್ಲಿ ಸುಮಾರು 6000 ಗಿಡಗಳಿಗೂ ಹೀಗೇ ಒಂದೊಂದು ಪದ ಕೊಟ್ಟ. ತಮಾಷೆ ಏನಂದ್ರೆ, ಆ ಒಂಟಿ ಪದ ಅಚ್ಚಾಗಿದ್ದು ಪುಟದ ಅಂಚಿನಲ್ಲಿ. ಒಳಗಿನ ಉದ್ದ ವರ್ಣನೆಯೇ ನಿಜವಾದ ಹೆಸರು, ಅಂಚಿನದು ಬರೀ ಅನುಕೂಲಕ್ಕೆ ಅನ್ನೋದು ಆತನ ಲೆಕ್ಕ. ಓದುಗರು ಉಲ್ಟಾ ಮಾಡಿದರು. ಉದ್ದದ್ದನ್ನು ಬಿಟ್ಟು ಅಂಚಿನದನ್ನೇ ಹಿಡಿದುಕೊಂಡರು. ಆ ಹೊಲದ ಬದುವಿನ ಗಿಡ ಫೈಸಾಲಿಸ್ ಆಂಗ್ಯುಲೇಟಾ ಆಯ್ತು. ಮಾವು ಮ್ಯಾಂಜಿಫೆರಾ ಇಂಡಿಕಾ ಆಯ್ತು. ನಮ್ಮ ಅಡಿಕೆ ಅರೆಕಾ ಕ್ಯಾಟೆಚು ಆಯ್ತು. ಆ ಅರೆಕಾ ಅನ್ನೋ ಪದ ಪೋರ್ಚುಗೀಸರ ಬಾಯಲ್ಲಿ ತಿರುಗಿ ಹೋದ ನಮ್ಮ ಕರಾವಳಿ ಕಡೆಯ ಅಡಿಕೆ, ಅಡಕ್ಕದ ಬಳಗದ್ದೇ. ಏಷ್ಯಾ ನೋಡೇ ಇರದ ಲಿನೇಯಸ್, ಮಲಬಾರಿನ ಗಿಡಗಳಿಗೆ ಡಚ್ಚರು ಮಾಡಿಸಿದ್ದ ಹನ್ನೆರಡು ಸಂಪುಟಗಳ ಹೋರ್ಟಸ್ ಮಲಬಾರಿಕಸ್ ಪುಸ್ತಕವನ್ನು ತುಂಬಾ ನೆಚ್ಚಿಕೊಂಡಿದ್ದ.

ಈ ಬದಲಾವಣೆಯ ತಿರುಳು ಹೆಸರು ಚಿಕ್ಕದಾಯ್ತು ಅನ್ನೋದಷ್ಟೇ ಅಲ್ಲ. ಹೆಸರು ಬೇರೆ, ವರ್ಣನೆ ಬೇರೆ ಆಯ್ತು. ಹೆಸರಿನ ಕೆಲಸ ವಸ್ತುವನ್ನು ತೋರಿಸೋದು, ಇನ್ನೊಂದರಿಂದ ಬೇರೆ ಮಾಡೋದು. ವಿವರ ಬೇಕಾದವರಿಗೆ ಅದು ಪಕ್ಕದಲ್ಲೇ ಇದೆ. ಪೈಥಾನ್‌ನಲ್ಲಿ ಇದನ್ನೇ ಹೆಸರು ಮತ್ತು ಡಾಕ್‌ಸ್ಟ್ರಿಂಗ್ ಅಂತ ಭಾಗ ಮಾಡಿದ್ದಾರೆ. ಕ್ಲಾಸಿಗೆ ಒಂದೆರಡು ಪದದ ಹೆಸರು. ಅದರ ಕೆಳಗೆ ಮೂರು ಕೋಟ್ ಗುರುತಿನೊಳಗೆ ವಿವರಣೆ. ವಿವರ ಬದಲಾದರೆ ಡಾಕ್‌ಸ್ಟ್ರಿಂಗ್ ತಿದ್ದಬಹುದು, ಹೆಸರು ಮುಟ್ಟಬೇಕಿಲ್ಲ. ಡಾಕ್‌ಸ್ಟ್ರಿಂಗಿನಲ್ಲಿ ಇರಬೇಕಾದ್ದನ್ನು ಹೆಸರಿಗೆ ತುರುಕಿದರೆ ಮತ್ತೆ 1753ರ ಹಿಂದಕ್ಕೆ ಹೋದ ಹಾಗೆ.

ದೊಡ್ಡಕ್ಷರ, ಚಿಕ್ಕಕ್ಷರ

ಜೀವಿಗಳ ಹೆಸರು ಬರೆಯುವ ಈಗಿನ ನಿಯಮ ನಿಮಗೆ ಗೊತ್ತು. ಕುಲದ ಹೆಸರಿನ ಮೊದಲ ಅಕ್ಷರ ಕ್ಯಾಪಿಟಲ್, ಜಾತಿಯದು ಸ್ಮಾಲ್. ನೋಡಿದ ಕೂಡಲೇ ಯಾವುದು ಗುಂಪು, ಯಾವುದು ಅದರೊಳಗಿನದು ಅಂತ ಕಣ್ಣಿಗೇ ಗೊತ್ತಾಗುತ್ತೆ. 2001ರಲ್ಲಿ ಬಂದ ಪೆಪ್ 8 ಕೂಡ ಕಣ್ಣಿಗೆ ಇದೇ ಸಹಾಯ ಮಾಡುತ್ತೆ. ಕ್ಲಾಸ್ ಹೆಸರಿನ ಪ್ರತಿ ಪದವೂ ಕ್ಯಾಪಿಟಲ್‌ನಿಂದ ಶುರು, ನಡುವೆ ಅಂಡರ್‌ಸ್ಕೋರ್ ಇಲ್ಲ. ಫಂಕ್ಷನ್, ಮೆಥಡ್, ವೇರಿಯಬಲ್ ಎಲ್ಲ ಸ್ಮಾಲ್ ಅಕ್ಷರ, ಪದಗಳ ನಡುವೆ ಅಂಡರ್‌ಸ್ಕೋರ್. ಬದಲಾಗದ ಬೆಲೆಗಳು ಪೂರ್ತಿ ಕ್ಯಾಪಿಟಲ್. ಕ್ಲಾಸಿನ ಒಳಗಿನ ಬಳಕೆಗೆ ಮಾತ್ರ ಇರುವುದರ ಮುಂದೆ ಒಂದು ಅಂಡರ್‌ಸ್ಕೋರ್. ಬೀಗ ಏನಿಲ್ಲ, ಹೊರಗಿನವರು ಮುಟ್ಟಬೇಡಿ ಅನ್ನೋ ಸೂಚನೆ ಅಷ್ಟೇ. ಇಂಗ್ಲಿಷಿನ ಎಲ್ ಚಿಕ್ಕಕ್ಷರವನ್ನು ಒಂಟಿಯಾಗಿ ಹೆಸರಾಗಿ ಬಳಸಬೇಡಿ, ಕೆಲವು ಫಾಂಟ್‌ಗಳಲ್ಲಿ ಅದು ಒಂದು ಅನ್ನೋ ಅಂಕಿಯ ಹಾಗೇ ಕಾಣುತ್ತೆ ಅಂತಲೂ ಅದರಲ್ಲಿದೆ.

ಹೋಲಿಕೆಯನ್ನು ಜಾಸ್ತಿ ಎಳೆಯೋದು ಬೇಡ. ವೈವಾದಲ್ಲಿ ಕುಲ ಅಂದ್ರೆ ಕ್ಲಾಸ್, ಜಾತಿ ಅಂದ್ರೆ ಆಬ್ಜೆಕ್ಟ್ ಅಂದುಬಿಟ್ಟೀರಿ. ಮ್ಯಾಂಜಿಫೆರಾ ಒಂದು ಕ್ಲಾಸ್ ಅಂದುಕೊಂಡರೆ ಮ್ಯಾಂಜಿಫೆರಾ ಇಂಡಿಕಾ ಅದರ ಸಬ್‌ಕ್ಲಾಸ್. ಹಾಸ್ಟೆಲ್ ಹಿಂದೆ ನಿಂತಿರುವ, ಏಪ್ರಿಲ್‌ನಲ್ಲಿ ಕಲ್ಲು ಹೊಡೆಸಿಕೊಳ್ಳುವ ಆ ಒಂದು ಮರ ಆಬ್ಜೆಕ್ಟ್.

ಇಲ್ಲಿ ನಮ್ಮ ಲಿಪಿಯ ಒಂದು ಮಾತೂ ಬರುತ್ತೆ. ಪೈಥಾನ್ 3ರಲ್ಲಿ ಕನ್ನಡದಲ್ಲೇ ಹೆಸರಿಡಬಹುದು. ವಿದ್ಯಾರ್ಥಿ ಅಂತ ಕ್ಲಾಸ್ ಬರೆದರೆ ರನ್ ಆಗುತ್ತೆ. ಆದರೆ ಕನ್ನಡದಲ್ಲಿ ಕ್ಯಾಪಿಟಲ್, ಸ್ಮಾಲ್ ಅನ್ನೋ ಭೇದ ಇಲ್ಲ. ವಿದ್ಯಾರ್ಥಿ ಅನ್ನೋದು ಕ್ಲಾಸೋ ಆಬ್ಜೆಕ್ಟೋ ಅಂತ ಕಣ್ಣಿಗೆ ಹೇಳೋಕೆ ನಾವು ಬೇರೆ ದಾರಿ ಹುಡುಕಬೇಕು. ಪದ್ಧತಿ ಅನ್ನೋದು ಲಿಪಿಗೆ, ಓದುವ ಬಳಗಕ್ಕೆ ಅಂಟಿಕೊಂಡೇ ಇರುತ್ತೆ. ಲಿನೇಯಸ್ ಮೂರು ವರ್ಷ ಹಾಲೆಂಡಿನಲ್ಲಿದ್ದೂ ಡಚ್ ಕಲಿಯಲಿಲ್ಲ. ಹೆಸರುಗಳನ್ನು ಸ್ವೀಡಿಷ್‌ನಲ್ಲೂ ಇಡಲಿಲ್ಲ. ಓದುವವರು ಯುರೋಪಿನ ತುಂಬಾ ಇದ್ದರು, ಅವರಿಗೆಲ್ಲ ಗೊತ್ತಿದ್ದದ್ದು ಲ್ಯಾಟಿನ್.

ಕಾಲಿಲ್ಲದ ಹಕ್ಕಿ

ಇಷ್ಟೆಲ್ಲ ನಿಯಮ ಮಾಡಿದವನ ಹೆಸರುಗಳೂ ತಪ್ಪಿದವು. ನ್ಯೂಗಿನಿ ಕಡೆಯಿಂದ ಬರುತ್ತಿದ್ದ ಸ್ವರ್ಗದ ಹಕ್ಕಿಯ ಚರ್ಮಗಳಿಗೆ ಕಾಲು ಇರುತ್ತಿರಲಿಲ್ಲ. ಅಲ್ಲಿನವರು ಅದನ್ನು ಹದ ಮಾಡುವಾಗ ಕತ್ತರಿಸುತ್ತಿದ್ದರು. ಲಿನೇಯಸ್ 1758ರಲ್ಲಿ ಅದಕ್ಕೆ ಕೊಟ್ಟ ಹೆಸರು ಪ್ಯಾರಡೈಸಿಯಾ ಅಪೋಡಾ, ಅಂದ್ರೆ ಕಾಲಿಲ್ಲದ್ದು. ಹಕ್ಕಿಗೆ ಎರಡೂ ಕಾಲು ಗಟ್ಟಿಯಾಗೇ ಇವೆ. ಸ್ಪೇನ್, ಪೋರ್ಚುಗಲ್ ಕಡೆಯ ಒಂದು ಹೂವಿನ ಗಿಡಕ್ಕೆ ಪೆರುವಿಯಾನಾ ಅಂತ ಹೆಸರಾಯ್ತು. ಪೆರು ದೇಶಕ್ಕೂ ಅದಕ್ಕೂ ಸಂಬಂಧವೇ ಇಲ್ಲ.

ಇವನ್ನು ಯಾಕೆ ತಿದ್ದಿಲ್ಲ? ಸಸ್ಯಗಳಿಗೆ 1753ರ ಪುಸ್ತಕ, ಪ್ರಾಣಿಗಳಿಗೆ ಸಿಸ್ಟಮಾ ನ್ಯಾಚುರೇಯ 1758ರ ಹತ್ತನೇ ಆವೃತ್ತಿ ಇವತ್ತಿಗೂ ಆರಂಭದ ಗೆರೆ. ಅಲ್ಲಿಂದಾಚೆ ಮೊದಲು ಇಟ್ಟ ಹೆಸರಿಗೇ ಸಾಮಾನ್ಯವಾಗಿ ಮರ್ಯಾದೆ. ಅರ್ಥ ತಪ್ಪು ಅನ್ನೋ ಒಂದೇ ಕಾರಣಕ್ಕೆ ಬದಲಿಸಿದರೆ ಹಿಂದಿನ ಪುಸ್ತಕ, ಮ್ಯೂಸಿಯಂ ಚೀಟಿಗಳ ಕೊಂಡಿ ಕಳಚುತ್ತೆ. ಇದು ನಮಗೆ ಗೊತ್ತಿರೋ ಸಂಕಟವೇ. ಪೈಥಾನ್‌ನ ಲಾಗಿಂಗ್ ಮಾಡ್ಯೂಲ್‌ನಲ್ಲಿ ಗೆಟ್‌ಲಾಗರ್ ಅನ್ನೋ ಫಂಕ್ಷನ್ ಇದೆ. ಅದರ ನಡುವೆ ಅಂಡರ್‌ಸ್ಕೋರ್ ಬದಲು ಒಂದು ಕ್ಯಾಪಿಟಲ್ ಅಕ್ಷರ ಕೂತಿದೆ. ಡೇಟ್‌ಟೈಮ್ ಅನ್ನೋದು ಕ್ಲಾಸ್ ಆಗಿದ್ದೂ ಪೂರ್ತಿ ಸ್ಮಾಲ್ ಅಕ್ಷರ. ಪೆಪ್ 8 ಬರೆದ ಭಾಷೆಯಲ್ಲೇ ಪೆಪ್ 8 ತಪ್ಪಿದೆ, ಆದರೆ ಜಗತ್ತಿನ ಅಷ್ಟೊಂದು ಕೋಡ್ ಆ ಹೆಸರುಗಳನ್ನೇ ಕರೀತಿದೆ. ಕೆಲವು ಮಾಡ್ಯೂಲ್‌ಗಳ ಹೆಸರನ್ನು ಸ್ಮಾಲ್ ಅಕ್ಷರಕ್ಕೆ ತರೋಕೆ 2008ರ ಪೈಥಾನ್ 3.0 ತನಕ ಕಾಯಬೇಕಾಯ್ತು. ಸಬ್ಮಿಷನ್ ಹಿಂದಿನ ರಾತ್ರಿ ಹೆಸರು ಬದಲಿಸೋದು ಐದು ನಿಮಿಷದ ಕೆಲಸ. ನಾಲ್ಕು ಜನ ಅದನ್ನು ಇಂಪೋರ್ಟ್ ಮಾಡಿಕೊಂಡ ಮೇಲೆ ಅಲ್ಲ.

ಇನ್ನೊಂದು ಸ್ವಾರಸ್ಯ ಇದೆ. ಲಿನೇಯಸ್ ಹೆಮ್ಮೆಪಟ್ಟಿದ್ದ ಆ 24 ವರ್ಗಗಳ ಏಣಿ ಉಳಿಯಲಿಲ್ಲ. ಕೇಸರ ಎಣಿಸಿ ಮಾಡಿದ ಗುಂಪಿನಲ್ಲಿ ಸಂಬಂಧವೇ ಇಲ್ಲದ ಗಿಡಗಳು ಅಕ್ಕಪಕ್ಕ ಬಂದಿದ್ದವು. ಮುಂದಿನ ಪೀಳಿಗೆ ಅದನ್ನು ಕಳಚಿ ಹಾಕಿತು. ಟೊಮೆಟೊವನ್ನು ಆತ ಬದನೆ, ಆಲೂಗಡ್ಡೆಯ ಕುಲವಾದ ಸೊಲಾನಮ್‌ಗೆ ಸೇರಿಸಿದ್ದ. ಆಮೇಲಿನವರು ಅದನ್ನು ಬೇರೆ ಕುಲ ಮಾಡಿದರು. ಡಿಎನ್‌ಎ ನೋಡಿದ ಮೇಲೆ ಮತ್ತೆ ಸೊಲಾನಮ್‌ಗೇ ವಾಪಸ್ ತಂದರು. ಇನ್‌ಹೆರಿಟೆನ್ಸ್ ಎರಡು ಸಲ ಬದಲಾಯ್ತು. ಕ್ಲಾಸ್ ಡಯಾಗ್ರಾಮ್ ಎಷ್ಟೇ ಚೆಂದ ಇದ್ದರೂ ಒಂದಲ್ಲ ಒಂದು ದಿನ ರಿಫ್ಯಾಕ್ಟರ್ ಆಗುತ್ತೆ. ಒಳ್ಳೇ ಹೆಸರು ಅದನ್ನೂ ದಾಟಿ ಉಳಿಯುತ್ತೆ.

ಹೆಸರಲ್ಲಿ ಸೇರಿದ ವಿಷ

ಆತ ಸಂತನೇನಲ್ಲ. ಆತನ ಸಸ್ಯ ವ್ಯವಸ್ಥೆ ಅಸಭ್ಯ ಅಂತ ಟೀಕಿಸಿದ ಯೋಹಾನ್ ಸೀಗೆಸ್‌ಬೆಕ್‌ನ ಹೆಸರು ಒಂದು ಅಂಟಂಟು ಕಳೆಗಿಡಕ್ಕೆ ಬಂತು. ಅದು ಸೇಡಿನ ಹೆಸರು ಅಂತಲೇ ಪ್ರಸಿದ್ಧಿ. ಇದನ್ನು ನಕ್ಕು ಬಿಡಬಹುದು. ಮುಂದಿನದನ್ನು ಬಿಡೋಕಾಗಲ್ಲ.

ಮನುಷ್ಯನನ್ನು ಧೈರ್ಯವಾಗಿ ಪ್ರಾಣಿಗಳ ಸಾಲಿಗೆ ಸೇರಿಸಿ ಹೋಮೋ ಸೇಪಿಯನ್ಸ್ ಅಂತ ಹೆಸರಿಟ್ಟವನೇ, ಆ ಜಾತಿಯ ಒಳಗೆ ಖಂಡ ಮತ್ತು ಮೈಬಣ್ಣದ ಮೇಲೆ ನಾಲ್ಕು ಗುಂಪು ಮಾಡಿದ. 1758ರಲ್ಲಿ ಆ ಗುಂಪುಗಳಿಗೆ ಸ್ವಭಾವವನ್ನೂ ಅಂಟಿಸಿದ. ಯುರೋಪಿನವರಿಗೆ ಚುರುಕು, ಜಾಣತನ. ಆಫ್ರಿಕಾದವರಿಗೆ ಸೋಮಾರಿತನ, ಕಪಟ. ಎಣಿಸಿ ನೋಡಬಹುದಾದ ಲಕ್ಷಣಗಳ ಪಕ್ಕದಲ್ಲೇ ಕೇಳಿದ ಮಾತು, ಪೂರ್ವಗ್ರಹ ಎಲ್ಲ ಒಂದೇ ಅಚ್ಚಿನಲ್ಲಿ ಕೂತವು. ಪುಸ್ತಕಕ್ಕೆ ಇದ್ದ ಗೌರವ ಅವಕ್ಕೂ ಸಿಕ್ಕಿತು. ಮುಂದೆ ಜನಾಂಗ ಸಿದ್ಧಾಂತದ ಹೆಸರಲ್ಲಿ ಗುಲಾಮಗಿರಿಯನ್ನೂ ದಬ್ಬಾಳಿಕೆಯನ್ನೂ ಸಮರ್ಥಿಸಿಕೊಂಡವರಿಗೆ ಇದು ಸಿದ್ಧ ಸಾಮಗ್ರಿ ಆಯ್ತು. ಮನುಷ್ಯರ ಒಂದು ಗುಂಪಿಗೆ ಗುಣವನ್ನು ಮೊದಲೇ ಹಾರ್ಡ್‌ಕೋಡ್ ಮಾಡಿದರೆ ಏನಾಗುತ್ತೆ ಅನ್ನೋದಕ್ಕೆ ಇದಕ್ಕಿಂತ ದೊಡ್ಡ ಪಾಠ ಬೇಕಿಲ್ಲ.

ನಾವು ಬರೆಯೋ ಕೋಡ್‌ನಲ್ಲೂ ಮನುಷ್ಯರು ಇರ್ತಾರೆ: ಸ್ಟೂಡೆಂಟ್, ಪೇಷೆಂಟ್, ಬಾರೋವರ್. ಯಾವ ಆಟ್ರಿಬ್ಯೂಟ್ ಇಡ್ತೀವಿ, ಅದಕ್ಕೆ ಏನಂತ ಕರೀತೀವಿ, ಡಿಫಾಲ್ಟ್ ಬೆಲೆ ಏನು ಕೊಡ್ತೀವಿ ಅನ್ನೋದೆಲ್ಲ ನಿರ್ಧಾರಗಳೇ. 2018ರಲ್ಲಿ ಪೈಥಾನ್ ತಂಡ ತನ್ನ ಕೋಡ್ ಮತ್ತು ಡಾಕ್ಯುಮೆಂಟೇಶನ್‌ನ ಹಲವು ಕಡೆ ಇದ್ದ ಮಾಸ್ಟರ್, ಸ್ಲೇವ್ ಪದಜೋಡಿಯನ್ನು ಬದಲಿಸಿತು. 2020ರಲ್ಲಿ ಗಿಟ್‌ಹಬ್ ಹೊಸ ರೆಪಾಸಿಟರಿಗಳ ಮೊದಲ ಬ್ರಾಂಚಿಗೆ ಮಾಸ್ಟರ್ ಬದಲು ಮೇನ್ ಅಂತ ಹೆಸರಿಟ್ಟಿತು. ಬರೀ ಹೆಸರು ತಾನೇ ಅಂತ ಆಗ ಅಂದವರೂ ಇದ್ದರು. ಲಿನೇಯಸ್ ಕತೆ ಗೊತ್ತಿದ್ದರೆ ಹಾಗನ್ನೋದು ಕಷ್ಟ.

ಕೊನೆಯ ವರ್ಷಗಳು

ಆತನ ಶಿಷ್ಯರು ಜಗತ್ತಿನ ಮೂಲೆ ಮೂಲೆಗೆ ಗಿಡ ಹುಡುಕುತ್ತಾ ಹೋದರು. ಹಲವರು ವಾಪಸ್ ಬರಲಿಲ್ಲ. ಪೇರ್ ಲೋಫ್ಲಿಂಗ್ ವೆನೆಜುವೆಲಾದಲ್ಲಿ, ಪೇರ್ ಫೋರ್ಸ್‌ಕಾಲ್ ಯೆಮನ್‌ನಲ್ಲಿ ಎಳೇ ವಯಸ್ಸಿನಲ್ಲೇ ತೀರಿಕೊಂಡರು. ಆತನ ಬಳಿ ಕಲಿತ ಯೋಹಾನ್ ಕೋನಿಗ್ 1768ರಲ್ಲಿ ತಮಿಳು ಕರಾವಳಿಯ ತರಂಗಂಬಾಡಿಗೆ ಬಂದು, ದಕ್ಷಿಣ ಭಾರತದ ಗಿಡಗಳನ್ನು ಹೊಸ ಪದ್ಧತಿಯಲ್ಲಿ ಗುರುತಿಸುತ್ತಾ 1785ರಲ್ಲಿ ಇಲ್ಲೇ ಮಣ್ಣಾದ. ಒಬ್ಬರನ್ನೊಬ್ಬರು ನೋಡದ ಈ ಜನ ಒಂದೇ ಪಟ್ಟಿಯಲ್ಲಿ ಕೆಲಸ ಮಾಡೋಕೆ ಸಾಧ್ಯ ಆದದ್ದು ಪದ್ಧತಿ ಒಂದೇ ಇದ್ದದ್ದರಿಂದ. ಬಂದು ಬೀಳುತ್ತಿದ್ದ ಮಾಹಿತಿಯನ್ನು ಜೋಡಿಸೋಕೆ ಲಿನೇಯಸ್ ಬಿಡಿ ಚೀಟಿಗಳನ್ನು ಬಳಸತೊಡಗಿದ. ಲೈಬ್ರರಿಗಳ ಇಂಡೆಕ್ಸ್ ಕಾರ್ಡಿನ ಪೂರ್ವಜರು ಅವು.

1761ರಲ್ಲಿ ರಾಜ ಆತನಿಗೆ ಸರದಾರ ಪದವಿ ಕೊಟ್ಟ, ಹೆಸರು ಕಾರ್ಲ್ ಫಾನ್ ಲಿನ್ನೆ ಅಂತ ಬದಲಾಯ್ತು. ಜಗತ್ತು ಮಾತ್ರ ಹಳೇ ಹೆಸರನ್ನೂ ಬಿಡಲಿಲ್ಲ. 1774ರಲ್ಲಿ ಪಾರ್ಶ್ವವಾಯು ಹೊಡೆಯಿತು, ಆಮೇಲೆ ಇನ್ನೊಮ್ಮೆ. ನೆನಪು ಕರಗುತ್ತಾ ಹೋಯ್ತು. ತಾನೇ ಬರೆದ ಪುಸ್ತಕ ತೆರೆದು, ಯಾರೋ ಚೆನ್ನಾಗಿ ಬರೆದಿದ್ದಾರೆ ಅಂತ ಮೆಚ್ಚಿಕೊಳ್ಳುತ್ತಿದ್ದ ಅಂತಾರೆ. ಕೊನೆಕೊನೆಗೆ ತನ್ನ ಹೆಸರೂ ನೆನಪಿಗೆ ಬರುತ್ತಿರಲಿಲ್ಲವಂತೆ. 1778ರ ಜನವರಿ 10ರಂದು ಉಪ್ಸಾಲಾದಲ್ಲಿ ತೀರಿಕೊಂಡ. ಅಲ್ಲಿನ ದೊಡ್ಡ ಚರ್ಚಿನಲ್ಲೇ ಸಮಾಧಿ. ಐದು ವರ್ಷಕ್ಕೆ ಮಗನೂ ಹೋದ. 1784ರಲ್ಲಿ ಆತನ ಗಿಡ, ಪುಸ್ತಕ, ಕಾಗದಗಳ ಸಂಗ್ರಹವನ್ನು ಜೇಮ್ಸ್ ಎಡ್ವರ್ಡ್ ಸ್ಮಿತ್ ಎಂಬ ಇಂಗ್ಲಿಷ್ ಹುಡುಗ ಕೊಂಡುಕೊಂಡ. ಲಂಡನ್ನಿನ ಲಿನಿಯನ್ ಸೊಸೈಟಿಯಲ್ಲಿ ಅದು ಇವತ್ತಿಗೂ ಇದೆ. ಓದಲು ಬರುತ್ತೆ, ಬಳಸಲೂ ಬರುತ್ತೆ.

ಪೈಥಾನ್‌ನ ಇಂಟರ್‌ಪ್ರಿಟರ್‌ಗೆ ಹೆಸರು ಹೇಗಿದ್ದರೂ ಒಂದೇ. ಕ್ಲಾಸಿಗೆ ಎ ಅಂತ ಇಟ್ಟರೂ, ಮೆಥಡ್‌ಗೆ ಬಿ ಅಂತ ಇಟ್ಟರೂ ಔಟ್‌ಪುಟ್ ಅದೇ ಬರುತ್ತೆ. ಪೆಪ್ 8 ಮುರಿದರೆ ಎರರ್ ಬರಲ್ಲ. ಲಿನೇಯಸ್‌ನ ನಿಯಮ ಮುರಿದರೆ ಹಿಡಿಯೋಕೆ ಆಗ ಪೊಲೀಸರೂ ಇರಲಿಲ್ಲ. ಆದರೂ ಜನ ಪಾಲಿಸಿದರು, ಯಾಕಂದ್ರೆ ಬರೆಯುವವನು ಒಬ್ಬ, ಓದುವವರು ಬಹಳ ಮಂದಿ. ಮುಂದಿನ ಸೆಮಿಸ್ಟರ್‌ನಲ್ಲಿ ನಿಮ್ಮ ಪ್ರಾಜೆಕ್ಟ್ ಮುಂದುವರಿಸುವ ಜೂನಿಯರ್ ಅವರಲ್ಲಿ ಒಬ್ಬಳು. ಆರು ತಿಂಗಳ ನಂತರ, ಬರೆದದ್ದೆಲ್ಲ ಮರೆತು ಅದೇ ಫೈಲ್ ತೆರೆಯುವ ನೀವೂ ಒಬ್ಬರು. ಸಾವಿರಾರು ಜೀವಿಗಳಿಗೆ ಹೆಸರಿಟ್ಟವನಿಗೇ ಕೊನೆಗೆ ಒಂದೂ ಉಳಿಯಲಿಲ್ಲ. ಹೆಸರುಗಳು ಮಾತ್ರ ನೆಟ್ಟಗಿವೆ, ಆತ ಅವನ್ನು ತನ್ನ ತಲೆಯಲ್ಲಿ ಇಟ್ಟುಕೊಳ್ಳದೆ ಬೇರೆಯವರು ಓದುವ ಜಾಗದಲ್ಲಿ ಇಟ್ಟಿದ್ದ.